ಹತ್ತಕ್ಕೆ ಇಳಿಸಿದ ಎಚ್ಚರಿಕೆ

2008ರ ಆಗಸ್ಟ್ 20, ಬುಧವಾರ ಬೆಳಿಗ್ಗೆ ಹತ್ತೂವರೆಗೆ ಕೋಮಲ ಎಂಬ ಹೆಂಗಸು ದೂರು ಹಿಡಿದು ಠಾಣೆಗೆ ಬಂದಳು. ನಾಲ್ಕು ದಿನದ ಹಿಂದೆ ಸತ್ತ ಅವಳ ಗಂಡನ ಮೇಲೆಯೇ ಪೊಲೀಸರು ಕೇಸು ಹಾಕಿದ್ದರು.

ಗಂಡ ತಿಮ್ಮೇಶ್, ಬೇಲೂರಿನ ತೆಂಗಿನಕಾಯಿ ವ್ಯಾಪಾರಿ ರೇವಣಸಿದ್ದಪ್ಪನವರ ಮನೆಯ ಡ್ರೈವರ್. ಶ್ರಾವಣ ಶನಿವಾರ ಮನೆಯ ಯಜಮಾನತಿ ರುದ್ರಮ್ಮನವರನ್ನು ಮಾಲೇಕಲ್ಲಿನ ದೇವಸ್ಥಾನಕ್ಕೆ ಕರೆದೊಯ್ಯುವಾಗ ಹಗರೆ ಬಳಿಯ ತಿರುವಿನಲ್ಲಿ ಜೀಪು ಮಗುಚಿತ್ತು. ತಿಮ್ಮೇಶ್ ಸ್ಥಳದಲ್ಲೇ ಸತ್ತ. ರುದ್ರಮ್ಮನವರ ಸೊಂಟದ ಮೂಳೆ ಮುರಿದಿತ್ತು. ಅವರ ಮಗ ಶಿವಕುಮಾರ್ ಕೊಟ್ಟ ದೂರಿನ ಮೇಲೆ, ಚಾಲಕನ ಅತಿವೇಗವೇ ಕಾರಣವೆಂದು ಎಫ್‌ಐಆರ್ ದಾಖಲಾಗಿತ್ತು.

"ಹನ್ನೊಂದು ವರ್ಷ ಗಾಡಿ ಓಡ್ಸವ್ರೆ ಸಾರ್, ಒಂದು ಕೋಳಿಮರಿ ಸತ್ತಿಲ್ಲ," ಎಂದಳು ಕೋಮಲ. "ಸತ್ತೋರು ಬಾಯಿ ಬಿಡಲ್ಲ ಅಂತ ಹಿಂಗೆ ಬರ್ಕೊಂಬಿಡೋದಾ?"

ಸಬ್ ಇನ್ಸ್‌ಪೆಕ್ಟರ್ ಹೊನ್ನಯ್ಯ ದೂರನ್ನು ತೆಗೆದುಕೊಂಡ. ಆ ಎಫ್‌ಐಆರ್‌ಗೆ ಸಹಿ ಹಾಕಿದ್ದವನು ಅವನೇ.

ಜೀಪು ಠಾಣೆಯ ಅಂಗಳದಲ್ಲೇ ನಿಂತಿತ್ತು. ಶಿವಕುಮಾರನಿಗೆ ಕಾಡುಗುಡ್ಡಗಳಲ್ಲಿ ಜೀಪು ಹತ್ತಿಸುವ ಹುಚ್ಚು. ಅದಕ್ಕೆಂದೇ ಕಂಪನಿಯ ಟೈರು ತೆಗೆದು ಸೊಂಟಮಟ್ಟದ ದೊಡ್ಡ ಟೈರು ಹಾಕಿಸಿದ್ದ. ಮುಂದಿನ ಎಡಗಡೆಯ ಟೈರು ರಿಮ್ಮಿನಿಂದ ಕಳಚಿಕೊಂಡಿತ್ತು. 17ರ ಬೆಳಿಗ್ಗೆ ನಡೆದ ಪಂಚನಾಮೆಯ ಪ್ರಕಾರ ಉಳಿದ ಮೂರರಲ್ಲೂ ಇಪ್ಪತ್ತೆಂಟು ಪೌಂಡ್ ಗಾಳಿ. ಬ್ರೇಕು, ಸ್ಟೇರಿಂಗು ಸರಿಯಿದೆಯೆಂದು ಮೋಟಾರು ವಾಹನ ನಿರೀಕ್ಷಕರ ವರದಿ. ಎಲ್ಲವೂ ಸರಿಯಿತ್ತು. ಹೊನ್ನಯ್ಯನಿಗೆ ತಲೆಕೆಟ್ಟದ್ದೇ ಅದಕ್ಕೆ.

ಹಗರೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಕೆಂಚಯ್ಯನನ್ನು ಕರೆಸಿದ. ಕಳಚಿದ ಟೈರಿನೊಳಗೆಲ್ಲ ಕೈಯಾಡಿಸಿ ನೋಡಿ ಕೆಂಚಯ್ಯ ಹೇಳಿದ: "ತೂತಿಲ್ಲ, ಹರಿದಿಲ್ಲ. ಗಾಳಿ ಕಮ್ಮಿ ಇದ್ರೆ ತಿರುವಲ್ಲಿ ಹಿಂಗೆ ರಿಮ್ ಬಿಡ್ತದೆ. ಕೆಸರಲ್ಲಿ ಹಿಡಿತ ಸಿಗ್ಲಿ ಅಂತ ಹನ್ನೆರಡಕ್ಕೆ ಇಳಿಸ್ತಾರೆ. ರೋಡಿಗೆ ಬಂದ್ಮೇಲೆ ತುಂಬಿಸ್ಕೋಬೇಕು."

ಹಾಗಾದರೆ ಉಳಿದ ಮೂರು ಟೈರಿನಲ್ಲಿ ಗಾಳಿ ಹೇಗೆ ಸರಿಯಿತ್ತು? ಕೆಂಚಯ್ಯ ಅವುಗಳತ್ತ ಬಾಗಿದ. ಅಲ್ಲಿ ಇನ್ನೊಂದು ವಸ್ತು ತೋರಿಸಿದ. ಗಾಳಿ ತುಂಬುವ ಬಾಯಿಗಳ ಮೇಲೆ ಮಾಮೂಲಿ ಮುಚ್ಚಳದ ಬದಲು ಸೆನ್ಸರ್‌ಗಳಿದ್ದವು. ಗಾಳಿ ಇಳಿದರೆ ಸ್ಟೇರಿಂಗಿನ ಪಕ್ಕದ ಚಿಕ್ಕ ಡಬ್ಬಿ ಬೀಪ್ ಎಂದು ಕೂಗಬೇಕು.

ಡಬ್ಬಿ ಮಾರಿದ ಬೆಂಗಳೂರಿನ ಅಂಗಡಿಗೆ ಹೊನ್ನಯ್ಯ ಐದು ದಿನ ಫೋನು ಮಾಡಿದ. ಮಾಲೀಕರು ಊರಲ್ಲಿಲ್ಲ, ಊಟಕ್ಕೆ ಹೋಗಿದ್ದಾರೆ, ನಾಳೆ ಮಾಡಿ. ಅತ್ತ ಸರ್ಕಲ್ ಆಫೀಸಿನಿಂದ, ಸತ್ತ ಡ್ರೈವರನ ಕೇಸು ಇನ್ನೂ ಯಾಕೆ ಮುಚ್ಚಿಲ್ಲವೆಂದು ದಿನಾ ವಿಚಾರಣೆ. 27ರಂದು ಮಾಲೀಕರು ಸಿಕ್ಕರು. ಇಪ್ಪತ್ತೆರಡಕ್ಕಿಂತ ಕೆಳಗಿಳಿದರೆ ಕೂಗುವಂತೆ ತಾವೇ ಹೊಂದಿಸಿ ಕೊಟ್ಟಿದ್ದಾಗಿ ಹೇಳಿ, ಹೊಂದಿಸಿದ ಅಂಕಿಯನ್ನು ನೋಡುವ ಬಗೆ ತಿಳಿಸಿದರು. ಡಬ್ಬಿಗೆ ಬ್ಯಾಟರಿ ಕೊಟ್ಟು ಗುಂಡಿ ಒತ್ತಿದಾಗ ಬಂದ ಅಂಕಿ ಹತ್ತು. ಹನ್ನೆರಡರಲ್ಲಿ ಓಡಿಸಿದರೂ ಅದು ಕೂಗುತ್ತಿರಲಿಲ್ಲ.

ಶಿವಕುಮಾರನನ್ನು ಕರೆಸಿ ಕೇಳಿದ್ದಕ್ಕೆ, ಡ್ರೈವರೇ ಅಂಕಿ ಇಳಿಸಿರಬೇಕು, ಅಪಘಾತದ ಹಿಂದಿನ ದಿನ, 15ರಂದು, ಜೀಪು ಶೆಡ್ಡಿನಲ್ಲೇ ಇತ್ತು ಎಂದ.

ಅವನು ಹೋದ ಮೇಲೆ ಹೊನ್ನಯ್ಯ ಕಾನ್‌ಸ್ಟೇಬಲ್ ಯುವರಾಜನನ್ನು ಕೇಳಿದ, "ಪಂಚನಾಮೆಗೆ ಮುಂಚೆ ಈ ಗಾಡಿ ಯಾರಾದ್ರೂ ಮುಟ್ಟಿದ್ರೇನಯ್ಯ?"

ಯುವರಾಜ್ ತಲೆ ತಗ್ಗಿಸಿದ. ಅಪಘಾತವಾದ 16ರ ಸಂಜೆ ಐದಕ್ಕೆ ಶಿವಕುಮಾರ್ ಠಾಣೆಯ ಅಂಗಳಕ್ಕೆ ಗಾಳಿ ಪಂಪು ತಂದಿದ್ದ. ಟೈರು ಪೂರ್ತಿ ಕೂತುಬಿಟ್ಟರೆ ಹಾಳಾಗುತ್ತವೆಂದು ಮೂರಕ್ಕೂ ಗಾಳಿ ತುಂಬಿಸಿ ಹೋಗಿದ್ದ. ಸಾಹುಕಾರರ ಮಗನೆಂದು ತಾನು ಬೇಡವೆನ್ನಲಿಲ್ಲ.

ಹೊನ್ನಯ್ಯ ಬೈಯಲಿಲ್ಲ. ಹನ್ನೊಂದು ದಿನದಿಂದ ತಾನು ತಿರುವಿ ಹಾಕುತ್ತಿದ್ದ ಪಂಚನಾಮೆಯ ಹಾಳೆಯನ್ನು ಮೇಜಿನ ಮೇಲೆ ಎಸೆದು, ಅವನ ಹೇಳಿಕೆಯನ್ನು ಅವನ ಕೈಯಲ್ಲೇ ಬರೆಸಿದ.

ಅಷ್ಟರಿಂದ ಶಿವಕುಮಾರನ ಮೇಲೆ ಆರೋಪ ನಿಲ್ಲುತ್ತಿರಲಿಲ್ಲ. ಆ ಬೆಳಿಗ್ಗೆ ಟೈರುಗಳನ್ನು ಕಂಡಿದ್ದು ಬದುಕುಳಿದವರಲ್ಲಿ ರುದ್ರಮ್ಮನವರು ಮಾತ್ರ. ಹಾಸನದ ಆಸ್ಪತ್ರೆಗೆ ಹೊನ್ನಯ್ಯ ಎರಡು ಸಲ ಹೋಗಿದ್ದ. ಎರಡು ಸಲವೂ ಅವರು ಗೋಡೆಯತ್ತ ಮುಖ ತಿರುಗಿಸಿದ್ದರು. ಸೆಪ್ಟೆಂಬರ್ 1ರಂದು ಮೂರನೇ ಸಲ ಹೋದಾಗ ಅವನು ಪ್ರಶ್ನೆ ಕೇಳಲಿಲ್ಲ.

"ಅಮ್ಮಾ, ನೀವು ಹೇಳ್ದೆ ಇದ್ರೆ ತಿಮ್ಮೇಶನೇ ತಪ್ಪು ಮಾಡ್ದ ಅಂತ ಬರೆದು ಫೈಲು ಮುಚ್ತೀನಿ. ನನಗೆ ಬೇರೆ ದಾರಿ ಇಲ್ಲ."

ಅವರು ಮುಖವನ್ನು ಈಚೆ ತಿರುಗಿಸಿದರು.

"ಹಿಂದಿನ ದಿನ ರಜ ಅಂತ ನನ್ನ ಮಗ ಜೀಪನ್ನ ಸಕಲೇಶಪುರದ ಕಡೆ ಗುಡ್ಡಕ್ಕೆ ತಗೊಂಡೋಗಿದ್ದ. ಬೆಳಿಗ್ಗೆ ತಿಮ್ಮೇಶ 'ಟೈರು ಕೂತಂಗೈತೆ ಅಣ್ಣ' ಅಂದ. ಇವನು ಹಾಸಿಗೆಯಿಂದಲೇ, 'ದೊಡ್ಡ ಟೈರು ಹಂಗೇ ಕಾಣೋದು. ಬೀಪ್ ಹೊಡೀತಿಲ್ವಲ್ಲ, ಹೋಗು' ಅಂದ. ಜೀಪು ಅವನ ಕಿಟಕಿ ಕೆಳಗೇ ನಿಂತಿತ್ತು, ನಾನು ಅದ್ರಲ್ಲೇ ಕೂತಿದ್ದೆ."

ಸೆಪ್ಟೆಂಬರ್ 2ರ ಬೆಳಿಗ್ಗೆ 11:15ಕ್ಕೆ ಶಿವಕುಮಾರನನ್ನು ಮನೆಯಲ್ಲಿ ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ರೇವಣಸಿದ್ದಪ್ಪನವರು ವಕೀಲರಿಗೆ ಫೋನು ಮಾಡಲು ಎದ್ದರು, ಮಗ ಬೇಡವೆಂದ.

ಶಿವಕುಮಾರನ ಹೇಳಿಕೆ ಒಂದೂವರೆ ಪುಟಕ್ಕೆ ಮುಗಿಯಿತು. ಗುಡ್ಡದಲ್ಲಿ ಡಬ್ಬಿ ಕೂಗಿದಾಗಲೆಲ್ಲ ಜೊತೆಯವರು ನಗುತ್ತಿದ್ದರಂತೆ. ಅದಕ್ಕೇ ಎಚ್ಚರಿಕೆಯ ಅಂಕಿಯನ್ನು ಹತ್ತಕ್ಕೆ ಇಳಿಸಿದ. ಮನೆಗೆ ಬಂದು ಮಲಗಿದವನಿಗೆ ಗಾಳಿ ತುಂಬಿಸುವುದು ಮರೆತೇಹೋಯಿತು. ಅಪಘಾತದ ಸುದ್ದಿ ಬಂದಾಗಲೇ ನೆನಪಾದದ್ದು.

"ಆಗ್ಲೇ ಬಂದು ಹೇಳ್ಬಹುದಿತ್ತಲ್ಲ," ಎಂದ ಹೊನ್ನಯ್ಯ.

"ಜೈಲಿಗೆ ಹೆದರಿ ಅಲ್ಲ ಸಾರ್. ಅಮ್ಮ ಹಾಗೆ ಮಲಗಿರೋದು ನನ್ನಿಂದ ಅಂತ ಅವರಿಗೆ ಗೊತ್ತಾಗಬಾರದಿತ್ತು."

ಹೊನ್ನಯ್ಯ ಪೆನ್ನು ಕೆಳಗಿಟ್ಟ. ರುದ್ರಮ್ಮನವರ ಹೇಳಿಕೆಯ ಕೊನೆಯ ಸಾಲನ್ನು ಅವನಿಗೆ ಓದಿ ಹೇಳಿದ. ಮೊದಲ ದಿನದಿಂದ ನನಗೆ ಗೊತ್ತಿತ್ತು, ಅವನೇ ಬಂದು ಹೇಳಲಿ ಎಂದು ಕಾಯುತ್ತಿದ್ದೆ, ಎಂದಿತ್ತು ಅದರಲ್ಲಿ.