ನಾಲ್ಕು ಬೆರಳು ಉದ್ದವಾದ ಲಂಗ

ನರ್ತಕಿ ಗುಬ್ಬಿ ಬಿದ್ದ ಸದ್ದನ್ನು ನಾನು ಮೊದಲು ಸಂಗೀತದ ಭಾಗವೆಂದೇ ತಿಳಿದೆ. ಮರುಗಳಿಗೆಯಲ್ಲಿ ಅವಳು ಕೂಗಿದಳು. ರಂಗದ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು, ಪರದೆ ಇಳಿಯಿತು.

ಗುಬ್ಬಿಯ ನೃತ್ಯ ತಂಡ ವರ್ಷಕ್ಕೊಮ್ಮೆ ನಾಲ್ಕು ದಿನ ತನ್ನ ಹಳೆಯ, ಹೆಸರು ಮಾಡಿದ ನೃತ್ಯಗಳನ್ನೂ ಹೊಸದಾಗಿ ಕಟ್ಟಿದವನ್ನೂ ಆಡಿ ತೋರಿಸುತ್ತಿತ್ತು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಮನೆಯಿಂದ ಹೊರಬೀಳುವುದೇ ಕಡಿಮೆಯಾಗಿತ್ತು. ನಾನೇ ಕಾಡಿ ಬೇಡಿ ನಾಲ್ಕು ದಿನಕ್ಕೂ ಟಿಕೆಟ್ ತಂದಿದ್ದೆ. ಮೂರನೆಯ ದಿನ ಮಧ್ಯಾಹ್ನದ ಕೊನೆಯ ನೃತ್ಯ ಇಪ್ಪತ್ತು ವರ್ಷ ಹಳೆಯ 'ಕಾಯುವವಳು'. ಕತ್ತಲಲ್ಲಿ ಒಂದು ಕಿರಿದಾದ ಬೆಳಕಿನ ಪಟ್ಟಿ ನರ್ತಕಿಯ ಮುಖವನ್ನಷ್ಟೇ ತೋರಿಸುವುದರಿಂದ ಅದು ಶುರುವಾಗುತ್ತದೆ ಎಂದು ಕೈಯಲ್ಲಿದ್ದ ಹಾಳೆಯಲ್ಲಿ ಬರೆದಿತ್ತು. ನಮಗೆ ಕಂಡದ್ದು ನೆತ್ತಿಯ ಕೂದಲು ಮಾತ್ರ.

"ಮುಖ ಎಲ್ಲಪ್ಪಾ?" ಎಂದು ಅತ್ತಿಗೆ ಪಿಸುಗುಟ್ಟಿದರು.

ಹೊಸ ಕಾಲದ ನೃತ್ಯ, ಹೀಗೂ ಇರುತ್ತದೆ ಎಂದು ನಾನು ದೊಡ್ಡ ತಿಳಿದವನ ಹಾಗೆ ಹೇಳಿದೆ. ಐದು ನಿಮಿಷದ ಮೇಲೆ, ಹಿಂದಕ್ಕೆ ಓಡುವಾಗ, ಗುಬ್ಬಿ ತನ್ನ ಲಂಗವನ್ನು ತಾನೇ ತುಳಿದು ಬಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ತಂಡದ ದರ್ಜಿ ಹೆಂಗಸು ನಿಂತಿದ್ದಳು. ಅತ್ತಿಗೆ ಮೂವತ್ತು ವರ್ಷ ವಿಮಾ ಕಂಪನಿಯಲ್ಲಿ ಸುಳ್ಳು ಅರ್ಜಿಗಳ ಬೆನ್ನು ಹತ್ತಿದವರು. ನಿವೃತ್ತರಾದ ಮೇಲೂ ಇಂಥವರು ವಿಳಾಸ ಹುಡುಕಿಕೊಂಡು ಬರುತ್ತಾರೆ. ಈ ಹೆಂಗಸು ಬಂದದ್ದು ಕೆಲಸ ಉಳಿಸಿಕೊಳ್ಳಲು. ತಂಡಕ್ಕೆ ಸೇರಿ ಅವಳಿಗೆ ಇನ್ನೂ ಮೂರು ತಿಂಗಳು. ಅಂಚಿನ ಹೊಲಿಗೆ ಬಿಚ್ಚಿಕೊಂಡೇ ಗುಬ್ಬಿಯ ಮಂಡಿ ಮುರಿಯಿತೆಂದು ಎಲ್ಲರೂ ಅವಳತ್ತ ಬೆರಳು ತೋರಿಸುತ್ತಿದ್ದರು. ಸಂಜೆಯೊಳಗೆ ಜಾಗ ಖಾಲಿ ಮಾಡಲು ಹೇಳಿದ್ದರು.

"ನನ್ನ ಹೊಲಿಗೆ ಬಿಚ್ಚಲ್ಲ ಅಮ್ಮಾ. ಬಿಚ್ಚಿದ್ದಾರೆ" ಎಂದಳು.

ಕಡುನೀಲಿ ಲಂಗವನ್ನು ಉಡುಪಿನ ಕೋಣೆಯ ಮೇಜಿನ ಮೇಲೆ ಹರವಿ ನೋಡಿದಾಗ ಅವಳ ಮಾತು ನಿಜವೆನಿಸಿತು. ಈ ಹಳೆಯ ಲಂಗವನ್ನು ನೃತ್ಯದ ಇಪ್ಪತ್ತನೆಯ ವರ್ಷದ ನೆಪದಲ್ಲಿ ಪೆಟ್ಟಿಗೆಯಿಂದ ತೆಗೆಸಿ, ಕುಳ್ಳಿಯಾದ ಗುಬ್ಬಿಗೆಂದು ಹೋದ ವಾರ ಮೊಟಕು ಮಾಡಿಸಿದ್ದರು. ಯಾರೋ ಆ ಹೊಸ ಹೊಲಿಗೆಯನ್ನು ಎಳೆಎಳೆಯಾಗಿ ಬಿಡಿಸಿ, ಹಳೆಯ ಮಡಿಕೆಗೆ ಇಳಿಸಿ, ಅಲ್ಲಿ ಮತ್ತೆ ಹೊಲಿದಿದ್ದರು. ಬಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ಅತ್ತಿಗೆ ಬೆರಳಿಟ್ಟು ಅಳೆದರು. ನಾಲ್ಕು ಬೆರಳು ಹೆಚ್ಚು ಉದ್ದವಾಗಿತ್ತು.

"ಇದು ಪರದೆ ಹೊಲಿಯೋ ದಾರ" ಎಂದಳು ದರ್ಜಿ. "ನಾನು ಇದನ್ನ ಉಡುಪಿಗೆ ಮುಟ್ಟಿಸಲ್ಲ."

ಹಿಂದಿನ ದಿನ ಹನ್ನೊಂದು ಗಂಟೆಯ ತಾಲೀಮಿನಲ್ಲಿ ಲಂಗ ಸರಿಯಾಗಿತ್ತು. ನಾಲ್ಕಕ್ಕೆ ಆಟ. ಕೋಣೆಗೆ ಬೀಗವಿದ್ದರೂ ಬೀಗದ ಕೈ ಹೊರಗಿನ ಮೊಳೆಗೇ ತೂಗುತ್ತಿತ್ತು. ಆಟದಲ್ಲಿ ಗುಬ್ಬಿ ಆ ಲಂಗ ಉಡುವುದು ಕತ್ತಲಲ್ಲಿ, ಪರದೆಯ ಮರೆಯಲ್ಲಿ, ಹದಿನೈದು ಸೆಕೆಂಡಿನೊಳಗೆ. ಉದ್ದ ನೋಡಿಕೊಳ್ಳಲು ಪುರುಸೊತ್ತಿಲ್ಲ.

ತಂಡವನ್ನು ಕಟ್ಟಿದ ಹಿರಿಯಾಕೆಯನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು. ಲಂಗ ಯಾರದ್ದಾಗಿತ್ತು ಎಂದು ಅತ್ತಿಗೆ ಕೇಳಿದಾಗ ಆಕೆ ಎರಡು ವರ್ಷದ ಹಿಂದೆ ಕಾಯಿಲೆಯಿಂದ ತೀರಿಹೋದ ನರ್ತಕಿಯದು ಎಂದರು. ಟೀಚರ್ ಅವಳನ್ನು ಏಳನೆಯ ವಯಸ್ಸಿನಿಂದ ತಿದ್ದಿದವರು. ತಂಡದ ಹಿರಿಯ ನರ್ತಕಿ ಅವಳ ಜೀವದ ಗೆಳತಿ. ದೀಪದ ಕೆಲಸ ನೋಡುವ, ಎಲ್ಲರ ಬಾಯಲ್ಲಿ ದೀಪದಣ್ಣನಾದ ವ್ಯಕ್ತಿ ಅವಳ ತಂದೆ. ಗೆಳತಿ ಸತ್ತ ಮೇಲೆ ಆ ನೃತ್ಯ ತನಗೇ ಸಿಗುತ್ತದೆಂದು ಹಿರಿಯ ನರ್ತಕಿ ಕಾದಿದ್ದಳು, ಅದು ಗುಬ್ಬಿಯ ಪಾಲಾಗಿತ್ತು. ಊಟದ ಹೊತ್ತಿನಲ್ಲಿ ಅವಳ ಕೈಯಲ್ಲಿ ಬೀಗದ ಕೈ ಕಂಡವರೂ ಇದ್ದರು. ಮಂಡಿಪಟ್ಟಿ ತರಲು ಹೋಗಿದ್ದೆ ಎಂದು ಅವಳು ಹೇಳಿದಳು. ನನಗೆ ಅವಳ ಮೇಲೆಯೇ ಅನುಮಾನ ಗಟ್ಟಿಯಾಯಿತು.

ಅತ್ತಿಗೆ ಟೀಚರನ್ನು ಮತ್ತೊಂದೇ ಪ್ರಶ್ನೆ ಕೇಳಿದರು. ಬೆಳಗಿನ ತಾಲೀಮಿನಲ್ಲಿ ಬೆಳಕು ಮುಖದ ಮೇಲೆ ಬಿದ್ದಿತ್ತೇ? ಬಿದ್ದಿತ್ತು. ಆಮೇಲೆ ನನ್ನನ್ನು ರಂಗದ ಪಕ್ಕದ ಕಬ್ಬಿಣದ ಕಂಬದ ಬಳಿಗೆ ಕರೆದೊಯ್ದು ದೀಪವನ್ನು ಕಂಬಕ್ಕೆ ಕಚ್ಚಿಸಿದ ಹಿಡಿಕೆ ತೋರಿಸಿದರು. ಅದರ ಅರ್ಧ ಗೇಣು ಕೆಳಗೆ ಧೂಳಿಲ್ಲದ ಒಂದು ಪಟ್ಟಿ ಹೊಳೆಯುತ್ತಿತ್ತು. ಹಿಡಿಕೆಯ ತಿರುಪು ನನ್ನ ಕೈಗೆ ಜಗ್ಗಲಿಲ್ಲ. ಅದಕ್ಕೆ ದೊಡ್ಡ ಪಾನಾ ಬೇಕು.

ಮಧ್ಯಾಹ್ನ ಎಲ್ಲರೂ ರಂಗದ ಮೇಲೆ ಸೇರಿದರು. ಡಾಕ್ಟರ ಮಾತು ಮೀರಿ ಗುಬ್ಬಿ ಗಾಲಿಕುರ್ಚಿಯಲ್ಲಿ ಬಂದಿದ್ದಳು. ಮುಂದಿನ ವಾರ ಅವಳ ಮಂಡಿಗೆ ಶಸ್ತ್ರಚಿಕಿತ್ಸೆ. ದೀಪದಣ್ಣ ಹಿಂದೆ, ಏಣಿಗೆ ಒರಗಿ ನಿಂತಿದ್ದರು.

ದರ್ಜಿಯ ಹೊಲಿಗೆ ತಾನಾಗಿ ಬಿಚ್ಚಿಕೊಂಡಿದ್ದರೆ ಅಂಚು ಜೋತಾಡುತ್ತಿತ್ತು ಎಂದು ಅತ್ತಿಗೆ ಮೊದಲು ಅವಳನ್ನು ಪಾರುಮಾಡಿದರು.

"ಕೇಡು ಬಯಸೋರು ಕತ್ತರಿ ಹಾಕಿ ಹೋಗ್ತಾರೆ" ಎಂದರು ಆಮೇಲೆ. "ಇಲ್ಲಿ ಬಿಚ್ಚಿದವರು ಕೂತು ಮತ್ತೆ ಹೊಲಿದಿದ್ದಾರೆ. ಇದು ಹೊಟ್ಟೆಕಿಚ್ಚಿನ ಕೆಲಸ ಅಲ್ಲ. ಲಂಗ ಮೊದಲಿನ ಹಾಗೇ ಆಗಲಿ ಅಂತ ಮಾಡಿದ್ದು. ಹಾಗೆ ಅನ್ನಿಸೋರು ಇಲ್ಲಿ ಮೂವರಿದ್ದಾರೆ. ಆದರೆ ಅದೇ ಮಧ್ಯಾಹ್ನ ದೀಪವೂ ಮೇಲೆ ಹೋಯ್ತು. ಲಂಗ, ದೀಪ ಎರಡೂ ಗುಬ್ಬಿಗಿಂತ ಎತ್ತರದ ಒಬ್ಬಳಿಗೆ ಹೊಂದುವಂತಾದವು. ಬೀಗದ ಕೈ ಯಾರಿಗಾದರೂ ಸಿಗತ್ತೆ. ಪಾನಾ ಹಿಡಿದು ದೀಪ ಏರಿಸೋರು, ಕಪ್ಪು ಪರದೆ ಹರಿದರೆ ಹೊಲಿಯೋರು, ಒಬ್ಬರೇ."

ಯಾರೂ ಹಿಂದಿರುಗಿ ನೋಡಲಿಲ್ಲ. ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ದೀಪದಣ್ಣ ಅಲ್ಲಗಳೆಯಲಿಲ್ಲ. ಪೆಟ್ಟಿಗೆಯಿಂದ ಲಂಗ ತೆಗೆದ ದಿನ ತಮಗೆ ಯಾರೂ ಒಂದು ಮಾತು ಕೇಳಲಿಲ್ಲವೆಂದರು. ಮೊಟಕಾದ ಲಂಗವನ್ನು ತಾಲೀಮಿನಲ್ಲಿ ನೋಡಿದಾಗ ಮಗಳ ಕಾಲನ್ನೇ ಯಾರೋ ಕತ್ತರಿಸಿದ ಹಾಗಾಯಿತೆಂದರು. ಒಂದು ಸಲ, ಒಂದೇ ಸಲ, ದೀಪ ನಡೆಸುವ ದೂರದ ಗೂಡಿನಲ್ಲಿ ಕೂತು ಅವಳನ್ನು ನೋಡಬೇಕೆನಿಸಿತ್ತು.

"ಗುಬ್ಬಿ ಬೀಳ್ತಾಳೆ ಅಂತ ನನಗೆ ಹೊಳೀಲೇ ಇಲ್ಲ" ಎಂದರು. "ಆ ಉದ್ದದಲ್ಲೇ ನನ್ನ ಮಗಳು ಒಂಬತ್ತು ವರ್ಷ ಕುಣಿದಳು. ಒಂದು ದಿನವೂ ಎಡವಲಿಲ್ಲ."

"ನಿನ್ನೆಯೇ ಹೇಳಬಹುದಿತ್ತು" ಎಂದರು ಅತ್ತಿಗೆ. ದನಿ ಗಟ್ಟಿಯಾಗಿರಲಿಲ್ಲ. "ನಿಮ್ಮ ದುಃಖಕ್ಕೆ ಈಕೆ ಗಂಟುಮೂಟೆ ಕಟ್ಟುತ್ತಾ ಇದ್ದಳು."

ದೀಪದಣ್ಣ ದರ್ಜಿಯತ್ತ ತಿರುಗಿ ಕೈಮುಗಿದರು. ಅವಳು ಮುಖ ತಿರುಗಿಸಿದಳು. ಹಿರಿಯ ನರ್ತಕಿ ಅಳತೊಡಗಿದಳು.

ಗುಬ್ಬಿ ಅಳಲಿಲ್ಲ. ಕುರ್ಚಿಯನ್ನು ತಾನೇ ತಿರುಗಿಸಿಕೊಂಡು ಕೇಳಿದಳು: "ಎರಡು ವರ್ಷದಿಂದ ನಿಮ್ಮ ಬೆಳಕಲ್ಲೇ ನಿಂತಿದ್ದೀನಿ ದೀಪದಣ್ಣ. ಒಂದು ದಿನವಾದರೂ ನನ್ನ ನೋಡಿದ್ದೀರಾ?"

ಅವರು ಸುಳ್ಳು ಹೇಳಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು.

"ಬಿದ್ದು ಕೂಗಿದೆಯಲ್ಲ, ಆಗ" ಎಂದರು. "ಅದು ಅವಳ ದನಿ ಆಗಿರಲಿಲ್ಲ."

ಟೀಚರ್ ಆ ದಿನವೇ 'ಕಾಯುವವಳು' ನೃತ್ಯವನ್ನು ಪಟ್ಟಿಯಿಂದ ತೆಗೆದರು. ಉಳಿದ ಹೊಸ ನೃತ್ಯಗಳನ್ನು ಆಡಿ ಮುಗಿಸಿದರು. ದರ್ಜಿಯ ಕೆಲಸ ಉಳಿಯಿತು. ಪೊಲೀಸರಿಗೆ ಹೇಳುವುದು ಬೇಡವೆಂದು ಗುಬ್ಬಿಯೇ ತಡೆದಳು. ಕ್ಷಮಿಸಿದೆ ಎಂದು ಮಾತ್ರ ಯಾರ ಮುಂದೆಯೂ ಅನ್ನಲಿಲ್ಲ. ಮನೆಗೆ ಬಂದ ಅತ್ತಿಗೆ ಅಣ್ಣನ ಅಂಗಿಗಳ ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ನನಗೆ ಕಾಫಿ ಮಾಡಲು ಹೇಳಿದರು.

ಶಸ್ತ್ರಚಿಕಿತ್ಸೆಯ ಮೇಲೂ ಗುಬ್ಬಿಯ ಮಂಡಿ ಪೂರ್ತಿ ಮಡಚಲೇ ಇಲ್ಲ. ಈಗ ಅವಳು ಬೆಳಗಿನ ಹೊತ್ತು ಒಂದು ಶಾಲೆಯಲ್ಲಿ ಮಕ್ಕಳಿಗೆ ನೃತ್ಯ ಕಲಿಸುತ್ತಾಳೆ. ದೀಪದಣ್ಣ ತಂಡ ಬಿಟ್ಟರು. ಆದರೂ ದಿನವೂ ಎಂಟು ಗಂಟೆಗೆ ಅವಳ ಮನೆಯ ಮುಂದೆ ನಿಂತಿರುತ್ತಾರೆ, ಅವಳ ಚೀಲ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ನಡೆಯುತ್ತಾರೆ. ಅವಳು ಅವರೊಂದಿಗೆ ಮಾತಾಡುವುದಿಲ್ಲ. ಶಾಲೆಯ ಮಹಡಿಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ. ಅಲ್ಲಿ ಮಾತ್ರ ಅವಳು ನಿಲ್ಲುತ್ತಾಳೆ. ಅವರು ಒಂದು ಮೆಟ್ಟಿಲು ಮುಂದೆ ಹೋಗಿ ಬಾಗುತ್ತಾರೆ, ಅವಳು ಅವರ ಹೆಗಲು ಹಿಡಿದು ಹತ್ತುತ್ತಾಳೆ.