ಮಸಿ ಕಾಣದ ಕೊನೆಯ ಗರಿ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಓಣಿಯಲ್ಲಿ ಕೌದಿ ಹೊಲಿಯುತ್ತಿದ್ದ ಸಂಗವ್ವಜ್ಜಿ. ಹೊಲಿಯುತ್ತಲೇ ಹೇಳಿದ್ದರಿಂದ ನಡುವೆ ಒಂದೆರಡು ಗಂಟು ಬಿದ್ದಿವೆ. ನಾನು ಬಿಚ್ಚಲು ಹೋಗಿಲ್ಲ.

ಬಹಳ ಹಿಂದೆ ಬಿದಿರಾವತಿ ಎಂಬ ರಾಜ್ಯದಲ್ಲಿ ಹೊನ್ನವ್ವ ಎಂಬ ಕವಿ ಇದ್ದಳು. ಉಳಿದ ಕವಿಗಳೆಲ್ಲ ರಾಜನ ಮೀಸೆಯ ಮೇಲೆ ಕಾವ್ಯ ಬರೆದರೆ, ಇವಳು ಗುಬ್ಬಿಯ ಮೇಲೆ, ನುಗ್ಗೆ ಹೂವಿನ ಮೇಲೆ, ಹಿತ್ತಲ ತೊರೆಯ ಮೇಲೆ ಬರೆದಳು. ಓಲೆಗರಿಯಲ್ಲಿ ಅವಳು ಕಬ್ಬಿಣದ ಮೊನೆಯಿಂದ ಗೀರುವಳು. ಮಗಳು ಚಿಕ್ಕಿ ಅದರ ಮೇಲೆ ದೀಪದ ಮಸಿ ತಿಕ್ಕಿ ಒರೆಸುವಳು. ಆಗಷ್ಟೇ ಅಕ್ಷರ ಕಾಣುವುದು.

ಕೊನೆಯ ಗರಿಗೆ ಮಸಿ ತಿಕ್ಕುವ ಮೊದಲೇ ಹೊನ್ನವ್ವ ತೀರಿಕೊಂಡಳು. ಆಮೇಲೆ ತಿಕ್ಕಲು ಚಿಕ್ಕಿಗೆ ಮನಸ್ಸಾಗಲಿಲ್ಲ. ಅದನ್ನೂ ಓದಿಬಿಟ್ಟರೆ ಅವ್ವನ ಮಾತು ಮುಗಿದೇಹೋಯಿತಲ್ಲ!

ಆ ರಾಜ್ಯದ ಗುಡ್ಡದಲ್ಲಿ ಕರಿನಾಲಗೆ ಎಂಬ ಮಾಯಾವಿ ಇದ್ದ. ಅವನು ಗರಿಗಳ ಕಟ್ಟನ್ನು ಕದ್ದೊಯ್ದು, ದಿನಕ್ಕೊಂದು ಗರಿಯ ಮಸಿ ನೆಕ್ಕತೊಡಗಿದ. ನೆಕ್ಕಿದ ಪದ್ಯದಲ್ಲಿ ಏನಿತ್ತೋ ಅದು ಲೋಕದಿಂದಲೂ ಹೋಯಿತು, ಜನರ ನೆನಪಿನಿಂದಲೂ ಹೋಯಿತು.

ಒಂದು ಬೆಳಗ್ಗೆ ಚಿಕ್ಕಿ ಅಂಗಳದಲ್ಲಿ ನೀರಿಟ್ಟ ಬೋಗುಣಿ ಹಿಡಿದು ನಿಂತಳು. "ಬಸಕ್ಕಾ, ಈ ನೀರು ಯಾರಿಗಂತ ಇಡ್ತಿದ್ದೆ ನಾನು?"

"ನಿನ್ನ ಬೋಗುಣಿ, ನಿನ್ನ ನೀರು, ನನ್ನ ಕೇಳ್ತೀಯಲ್ಲೇ!" ಎಂದಳು ನೆರೆಮನೆಯ ಬಸಕ್ಕ. "ನಮ್ಮ ಹಿತ್ತಲಲ್ಲಿ ಉದ್ದಕ್ಕೆ ಒಂದು ಒಣ ತಗ್ಗು ಇದೆ. ಅದ್ಯಾಕಿದೆಯೋ ನನಗೂ ತಿಳಿಯದು."

ಚಿಕ್ಕಿ ಒಳಗೆ ಹೋಗಿ ನೋಡಿದಳು. ಗೂಟದಲ್ಲಿ ಗರಿಗಳ ಕಟ್ಟಿರಲಿಲ್ಲ. ನೆಲದ ಮೇಲೆ ಮಸಿಯ ಜೊಲ್ಲು ಗುಡ್ಡದ ಕಡೆಗೆ ಸಾಲಾಗಿ ತೊಟ್ಟಿಕ್ಕಿತ್ತು. ಅದರ ಹಿಂದೆಯೇ ನಡೆದಳು.

ಜಾಡು ಮುಟ್ಟಿದ್ದು ಕರಿನಾಲಗೆಯ ಗುಹೆಗೆ. ಅದಕ್ಕೆ ಒಂದರೊಳಗೊಂದು ಮೂರು ಬಾಗಿಲು. ಮೊದಲನೆಯದರಲ್ಲಿ ಗೂಬೆ. "ನಿಮ್ಮವ್ವನ ಹಾಡು ಕೊಡು, ದಾರಿ ಬಿಡುತ್ತೇನೆ." ಕೊಟ್ಟಳು. ಎರಡನೆಯದರಲ್ಲಿ ಹಾವು. "ನಿಮ್ಮವ್ವನ ಸೀರೆಯ ವಾಸನೆ ಕೊಡು, ದಾರಿ ಬಿಡುತ್ತೇನೆ." ಅದನ್ನೂ ಕೊಟ್ಟಳು. ಮೂರನೆಯದರಲ್ಲಿ ಹುಲಿ. "ನಿಮ್ಮವ್ವನ ಮುಖ ಕೊಡು."

ಚಿಕ್ಕಿ ಅಲ್ಲೇ ಕೂತುಬಿಟ್ಟಳು. ಬಹಳ ಹೊತ್ತಿನ ಮೇಲೆ ಎದ್ದು ಅದನ್ನೂ ಕೊಟ್ಟಳು.

ಒಳಗೆ ಕರಿನಾಲಗೆ ಹೊಟ್ಟೆ ಸವರುತ್ತ ಕೂತಿದ್ದ. "ಬಾರಮ್ಮ ಬಾ, ಎಲ್ಲ ನೆಕ್ಕಿಯಾಯಿತು. ಈ ಒಂದು ಗರಿಯಲ್ಲಂತೂ ಏನೂ ಇರಲೇ ಇಲ್ಲ. ತಗೊಂಡು ಹೋಗು, ಒಲೆಗೆ ಆದೀತು."

ಪಾಪ, ಅವನಿಗೆ ನೆಕ್ಕುವುದು ಗೊತ್ತಿತ್ತು, ಬರೆಯುವುದು ಗೊತ್ತಿರಲಿಲ್ಲ. ಮಸಿಯೇ ಅಕ್ಷರ ಅಂದುಕೊಂಡಿದ್ದ.

ಚಿಕ್ಕಿಗೆ ಅವ್ವನ ನೆನಪು ಇರಲಿಲ್ಲ. ಕೈಗೆ ಇತ್ತು. ಬೆರಳಿಗೆ ಗೀರು ತಾಕಿದ್ದೇ ತಡ, ಅವನು ನೆಕ್ಕಿ ಎಸೆದಿದ್ದ ಗರಿಯೊಂದನ್ನೆತ್ತಿ, ಅವನದೇ ದೀಪದ ಮಸಿ ತೆಗೆದು ತಿಕ್ಕಿ, ಸೆರಗಿನಿಂದ ಒರೆಸಿದಳು. ಗುಬ್ಬಿಯ ಪದ್ಯ ಎದ್ದಿತು. ಕರಿನಾಲಗೆ ಬಿಕ್ಕಿದ, ಬಾಯಿಂದ ಗುಬ್ಬಿಗಳು ಹಾರಿದವು. ಮತ್ತೊಂದು ತಿಕ್ಕಿದಳು, ನುಗ್ಗೆ ಹೂ ಉದುರಿತು. ಮತ್ತೊಂದು, ತೊರೆಯೇ ಹರಿದುಬಂತು.

"ಸಾಕು ತಾಯೀ, ಸಾಕು!" ಎನ್ನುತ್ತ ಅವನು ಬರಿದಾಗಿ, ಕುಗ್ಗಿ, ಒಂದು ಹಿಡಿ ಮಸಿಯಾದ.

ಚಿಕ್ಕಿ ಆ ಮಸಿಯನ್ನೇ ಕೊನೆಯ ಗರಿಗೆ ತಿಕ್ಕಿದಳು.

ನುಗ್ಗೆ ಹೂ ಉದುರಿವೆ ಅಂಗಳದ ತುಂಬ.
ಈಗಲೇ ಗುಡಿಸಬೇಡ ಮಗಳೇ,
ಇರುವೆಗಳು ಇನ್ನೂ ಓದುತ್ತಿವೆ.

ಹೊರಡುವಾಗ ಗೂಬೆ ಹಾಡು ಮರಳಿಸಿತು, ಹಾವು ವಾಸನೆ ಮರಳಿಸಿತು. ಹುಲಿ ಮಾತ್ರ ತಲೆ ತಗ್ಗಿಸಿತು. "ನುಂಗಿಬಿಟ್ಟೆ ಕಣವ್ವಾ."

ಊರಿಗೆ ಬಂದು, ಅವ್ವನ ಮುಖವೇ ಹೋಯಿತೆಂದು ಚಿಕ್ಕಿ ಅತ್ತಳು. ಬಸಕ್ಕ ಹತ್ತಿರ ಬಂದು, "ನಿಮ್ಮವ್ವನ ಎಡಗೆನ್ನೆ ಮೇಲೆ ಎಳ್ಳಿನಷ್ಟು ಮಚ್ಚೆ ಇತ್ತು ನೋಡು," ಎಂದಳು. ಕುಂಬಾರ, "ಮುಂದಿನ ಹಲ್ಲು ಸ್ವಲ್ಪ ಮುರಿದಿತ್ತು," ಎಂದ. ರಾಜನೂ ಬಂದು, "ನನ್ನ ಮೀಸೆ ಕಂಡು ತುಟಿ ಕಚ್ಚಿ ನಗುತ್ತಿದ್ದಳು," ಎಂದು ಒಪ್ಪಿಕೊಂಡ. ಹೀಗೆ ಒಬ್ಬೊಬ್ಬರೂ ಒಂದೊಂದು ಗೆರೆ ತಂದುಕೊಟ್ಟರು, ಆ ಮುಖ ತುಂಬಿತು. ಗುಬ್ಬಿಗಳು ನೀರಿಗೆ ಬಂದವು. ಎಲ್ಲರೂ ಸುಖವಾಗಿದ್ದರು, ಅಂಗಳ ಮಾತ್ರ ತಡವಾಗಿ ಗುಡಿಸಿದರು.

ಸಂಗವ್ವಜ್ಜಿ ದಾರ ಕಡಿದು ನನ್ನ ಮಡಿಲಿಗೆ ಹಾಕಿದ ಕತೆ ಇದು. ಈಗ ನಿಮ್ಮ ಮಡಿಲಿಗೆ ಹಾಕಿದ್ದೇನೆ. ಇಟ್ಟುಕೊಳ್ಳಬೇಡಿ, ಯಾರಿಗಾದರೂ ಹೇಳಿ. ಹೇಳುವಾಗ ನಿಮ್ಮವರೊಬ್ಬರ ಮುಖದ ಗೆರೆಯೊಂದನ್ನೂ ಸೇರಿಸಿ.