ಅಟ್ಟಣಿಗೆಯ ಅಡ್ಡಪಟ್ಟಿ

ಹೆತ್ತ ತಾಯಿಯ ಕುಣಿಗೆ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲ. ಭರಮಪ್ಪನ ಎದೆಯಲ್ಲಿ ಮುರಿದು ಉಳಿದ ಮುಳ್ಳು ಅದೇ. ಅವ್ವ ಸಾತವ್ವ ತೀರಿಕೊಂಡಾಗ ಅವನು ಜೈಲಿನಲ್ಲಿದ್ದ. ಖಾನಾಪುರದ ಕಾಡಿನಲ್ಲಿ ಕಡವೆ ಹೊಡೆದವರು ಇಬ್ಬರು, ಅವನು ಮತ್ತು ಅವನ ದೊಡ್ಡವ್ವನ ಮಗ ರಾಯಪ್ಪ. ಸಿಕ್ಕಿಬಿದ್ದ ದಿನ ರಾಯಪ್ಪ, “ಬಂದೂಕ ಅವಂದ್ರೀ ಸಾಹೇಬ್ರ” ಎಂದು ಬೆರಳು ತೋರಿಸಿ ಸಾಕ್ಷಿದಾರನಾಗಿ ಮನೆಗೆ ಹೋದ, ಭರಮಪ್ಪ ಒಳಗೆ ಹೋದ. ಅದು ಸಾಲದೆಂಬಂತೆ, ಮಗನ ಜಾಗದಲ್ಲಿ ನಿಂತು ಸಾತವ್ವನಿಗೆ ಮಣ್ಣು ಕೊಟ್ಟವನೂ ಅದೇ ರಾಯಪ್ಪ. ಎಂಥ ದೊಡ್ಡ ಗುಣ ಎಂದು ಊರು ಅವನನ್ನೇ ಹೊಗಳಿತು.

ಬಿಡುಗಡೆಯಾದ ಭರಮಪ್ಪ ಊರಿನ ಕಡೆ ತಲೆ ಹಾಕಲಿಲ್ಲ. ಬೆಳಗಾವಿಯ ಕೋಟೆಯ ಹತ್ತಿರ ಒಂದು ಬಡಿಗರ ಅಂಗಡಿ ಸೇರಿದ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನಿಗೆ ಉಳಿ, ಕೊಡತಿ ಒಲಿದುಬಂದವು. ಹತ್ತಾರು ವರ್ಷಗಳಲ್ಲಿ ಸ್ವಂತ ಅಂಗಡಿಯೂ ಆಯಿತು. ಭರಮಪ್ಪ ಮಾಡಿದ ಬಾಗಿಲು ಮಳೆಗಾಲದಲ್ಲೂ ಬಿಗಿಯಾಗುವುದಿಲ್ಲ ಎಂಬ ಹೆಸರಿತ್ತು. ಮುಳ್ಳು ಮಾತ್ರ ಒಳಗೇ ಕೀವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಖಾನಾಪುರದ ಎಸ್‌ಟಿಡಿ ಬೂತಿನಿಂದ ಫೋನು ಬಂತು.

“ತಮ್ಮಾ, ನಾ ರಾಯಪ್ಪ. ಅಡವಿ ಬಾಜೂಕ ಭತ್ತ ಹಾಕೇನಿ. ಹಂದಿ, ಚಿಗರಿ ಒಂದ ಸಮ ನುಗ್ಗಾಕತ್ತಾವು. ಒಂದು ಗಟ್ಟಿ ಅಟ್ಟಣಿಗಿ ಕಟ್ಟಿಕೊಡ್ತೀಯೇನೋ? ಆ ನೆವದಿಂದರ ಊರಿಗೆ ಬಾ.”

ಭತ್ತ ಕಾಯುವುದು ಬಾಯಿಮಾತು, ಮೇಲೆ ಅಡಗಿ ಕೂತು ಜಿಂಕೆ ಹೊಡೆಯುವುದು ಒಳಗಿನ ಆಸೆ ಎಂದು ಭರಮಪ್ಪನಿಗೆ ತಿಳಿಯದೇ? ಹುಟ್ಟುಗುಣ ಸುಟ್ಟರೂ ಹೋಗದು. “ಬರ್ತೇನಣ್ಣಾ” ಎಂದು ಫೋನು ಇಟ್ಟ. ಹೆದರಿಕೆಯಾಗಲಿಲ್ಲ, ಸಂತೋಷವೇ ಆಯಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಕೋಲನ್ನು ಅವನು ರಾತ್ರಿಯೆಲ್ಲ ಮನಸ್ಸಿನಲ್ಲೇ ಕೆತ್ತಿದ. ಅಟ್ಟಣಿಗೆಯೇ ಕುಸಿದರೆ ಎಲ್ಲರೂ ಬಡಿಗನ ಮುಖ ನೋಡುತ್ತಾರೆ. ಆದ್ದರಿಂದ ಅಟ್ಟಣಿಗೆ ಕಲ್ಲಿನಂತಿರಬೇಕು. ಸುಳ್ಳಾಡಬೇಕಾದದ್ದು ಒಂದೇ ಒಂದು ಪಟ್ಟಿ.

ಗುರುವಾರದ ಹೊತ್ತಿಗೆ ಊರು ಸೇರಿದ. ರಾಯಪ್ಪ ಹೊಲದ ಬದುವಿನಿಂದಲೇ ಓಡಿಬಂದು ತಮ್ಮನ ಹೆಗಲಿನ ಚೀಲ ಕಸಿದು ತನ್ನ ಹೆಗಲಿಗೆ ಹಾಕಿಕೊಂಡ. ದೂರದಿಂದ ಬಂದವರ ಹೊರೆ ಇಳಿಸುವುದು ಆ ಮನೆತನದ ರೂಢಿ. “ಸಣ್ಣಾಗೀಯಲ್ಲೋ. ಚಿಗವ್ವ ಇದ್ದಿದ್ದರ ನಿನ್ನ ನೋಡಿ ಅಳತಿದ್ಳು” ಎಂದ. ಚಿಗವ್ವ ಎಂದರೆ ಸಾತವ್ವ. ಆ ಹೆಸರು ಆ ಬಾಯಲ್ಲಿ ಕೇಳಿ ಭರಮಪ್ಪನಿಗೆ ಮೈಯೆಲ್ಲ ಉರಿಯಿತು. ಆದರೂ ನಕ್ಕ.

ಕೆಲಸ ಮಾತ್ರ ಕಣ್ಣಿಗೆ ಹಬ್ಬವಾಗುವಂತೆ ಮಾಡಿದ. ಮತ್ತಿ ಮರದ ನಾಲ್ಕು ಕಂಬ, ಗೆದ್ದಲು ಹತ್ತಬಾರದೆಂದು ಬುಡಕ್ಕೆ ಡಾಂಬರು, ಮೊಣಕಾಲು ಮುಳುಗುವಷ್ಟು ಆಳದ ಕುಣಿ. ಗಾಳಿಗೆ ಅಲುಗದಂತೆ ನಾಲ್ಕೂ ಕಡೆ ಕತ್ತರಿ ಹಾಕಿದ ಓರೆಪಟ್ಟಿ. ಮೇಲೆ ಹಲಗೆಯ ನೆಲ, ಸುತ್ತ ಬಿದಿರ ತಟ್ಟಿ, ಕಾಡಿನ ಕಡೆಗೆ ಬಂದೂಕಿನ ಮೂತಿ ಹೊರಡುವಷ್ಟೇ ಕಿಂಡಿ. ಬುಡದಲ್ಲಿ ನೀರು ನಿಲ್ಲಬಾರದೆಂಬ ನೆಪ ಹೇಳಿ ಏಣಿಯ ಕೆಳಗೆ ಕರಿಕಲ್ಲು ಪೇರಿಸಿದ. ಪಕ್ಕದ ಹೊಲದ ಬಸಲಿಂಗಪ್ಪ ಮೇಲೆ ಹತ್ತಿ ಜಿಗಿದು ನೋಡಿ, “ಆನಿ ಬಂದ್ರೂ ಅಲುಗೂದಿಲ್ಲ ಬಿಡ್ರಿ” ಎಂದ. ಭರಮಪ್ಪನಿಗೆ ನಿಜವಾಗಿಯೂ ಹೆಮ್ಮೆಯಾಯಿತು. ಕೊಲೆಗಾರನಾದರೇನು, ಕಸುಬು ಕಸುಬೇ.

ಸುಳ್ಳಿನ ಪಟ್ಟಿಯನ್ನು ಕೊನೆಗೆ ಕೂರಿಸಿದ, ಭಾನುವಾರ ಎಲ್ಲರೂ ಊಟಕ್ಕೆ ಹೋದಾಗ. ಏಣಿ ಮುಗಿದು ನೆಲ ಶುರುವಾಗುವಲ್ಲಿ, ಹತ್ತುವವನು ಹಿಡಿದು ಮೈಯನ್ನು ಮೇಲೆಳೆದುಕೊಳ್ಳುವ ಅಡ್ಡಪಟ್ಟಿ ಅದು. ಇಡೀ ಮೈಭಾರ ಒಂದು ಗಳಿಗೆ ಅದರ ಮೇಲೆಯೇ. ಕೆಳಮಗ್ಗುಲಿನಿಂದ ಮುಕ್ಕಾಲು ಪಾಲು ಗರಗಸ ಆಡಿಸಿ, ಸೀಳಿಗೆ ಜೇನುಮೇಣ ತುಂಬಿ, ಮೇಲೆ ಮತ್ತಿಯದೇ ಹೊಟ್ಟು ಒತ್ತಿದ. ಪೇಟೆಯ ಹಳೆಯ ಮೇಣ ಬಿಸಿಲಿಗೆ ಬಿರಿಯುತ್ತದೆಂದು, ಬಾಳವ್ವ ಎಂಬ ಜೇನು ಮಾರುವವಳಿಂದ ಆಗಷ್ಟೇ ಹಿಂಡಿದ ಜೇನುಹುಟ್ಟು ತಂದು ಕಾಯಿಸಿದ್ದ. ಬೆರಳಾಡಿಸಿದರೆ ತನಗೇ ಸೀಳು ಸಿಗಲಿಲ್ಲ. ಸಂಜೆಯವರೆಗೂ ಕೈಯಲ್ಲಿ ಸಿಹಿ ವಾಸನೆ ಉಳಿಯಿತು, ಎಳೆತನ ನೆನಪಾಯಿತು. ಅವ್ವ ಅಡವಿಯ ಬಗ್ಗೆ ನೂರೆಂಟು ಬುದ್ಧಿಮಾತು ಹೇಳುತ್ತಿದ್ದಳು. ಕೇಳುವ ವಯಸ್ಸೇ ಅದು?

“ನಾಳೆ ಸೋಮವಾರ, ಬಂದೂಕ ಮುಟ್ಟೂದಿಲ್ಲ” ಎಂದ ರಾಯಪ್ಪ. “ಮಂಗಳವಾರ ರಾತ್ರಿ ನಾನೊಬ್ಬನ ಹತ್ತಿ ಕೂಡ್ತೇನಿ. ಅಲ್ಲೀತನಾ ಯಾರಿಗೂ ಮುಟ್ಟಾಕ ಬಿಡೂದಿಲ್ಲ.”

ಭರಮಪ್ಪನಿಗೆ ಬೇಕಾದದ್ದೂ ಅದೇ. ಸೋಮವಾರ ಬೆಳಿಗ್ಗೆಯೇ ಬೆಳಗಾವಿಗೆ ಮರಳಿದ. ಮಂಗಳವಾರ ಸಂಜೆ ಗೆಳೆಯನ ಮಗುವಿನ ಕೂದಲು ತೆಗೆಸುವ ಜಾವಳಕ್ಕೆ ಹೋಗಿ, ನಾಲ್ಕು ಜನರ ಕಣ್ಣಿಗೆ ಬಿದ್ದು, ಹೋಳಿಗೆ ಉಂಡು, ಅಲ್ಲಿಯೇ ಮಲಗಿದ.

ಉಳಿದದ್ದು ಒಂದೇ ಕೆಲಸ. ಮುರಿದ ಪಟ್ಟಿಯಲ್ಲಿ ಗರಗಸದ ಗುರುತು ಸಿಗಬಾರದು. ಅದಕ್ಕೆಂದೇ ಹುಳ ತಿಂದ ಮತ್ತಿಯ ತುಂಡೊಂದನ್ನು ಅದೇ ಅಳತೆಗೆ ಕೆತ್ತಿ, ಎರಡೂ ತುದಿಗೆ ಅವೇ ಬೋಲ್ಟುಗಳ ತೂತು ಕೊರೆದು, ನಡುವೆ ಕೈಯಿಂದಲೇ ಮುರಿದು ಇಟ್ಟಿದ್ದ. ನಸುಕಿನಲ್ಲಿ ಮೊದಲು ತಾನೇ ಹೋಗಿ ಪಾನಾದಿಂದ ಬೋಲ್ಟು ಬಿಚ್ಚಿ ಬದಲಿಸಿಬಿಟ್ಟರೆ ಮುಗಿಯಿತು. ಕಟ್ಟಿಗೆ ಒಳಗೇ ಕೊಳೆತಿತ್ತು, ಪಾಪ, ಭರಮಪ್ಪನಿಗೆ ಗೊತ್ತಾಗಲಿಲ್ಲ ಎಂದು ಜನ ಅನ್ನುತ್ತಾರೆ. ಕಸುಬಿಗೆ ಬರುವ ಆ ಕೆಟ್ಟ ಹೆಸರೊಂದೇ ಅವನಿಗೆ ಬೇಸರದ ಸಂಗತಿಯಾಗಿತ್ತು.

ಬುಧವಾರ ಮೊದಲ ಗಾಡಿ ಹತ್ತಿದ. ದೇಸೂರ ದಾಟುವಾಗ ಇನ್ನೂ ಕತ್ತಲಿತ್ತು. ಖಾನಾಪುರದಲ್ಲಿ ಇಳಿದು, ಚೀಲ ಹೆಗಲಿಗೇರಿಸಿ ಮಂಜಿನಲ್ಲಿ ನಡೆದ. ಅಟ್ಟಣಿಗೆಯ ಬುಡದಲ್ಲಿ ಬೆಂಕಿ ಉರಿಯುತ್ತಿತ್ತು, ಸುತ್ತ ಜನ ಕೂತಿದ್ದರು. ಹೆಣ ಆಗಲೇ ಸಿಕ್ಕಿತೇ? ತಡವಾಯಿತಲ್ಲ. ಹಿಂದಿರುಗಿದರೆ ಅನುಮಾನ ಬರುತ್ತದೆ. ಅಳುವುದಕ್ಕೆ ಗಂಟಲು ಸರಿಮಾಡಿಕೊಂಡು ಮುಂದೆ ಹೆಜ್ಜೆಯಿಟ್ಟ.

“ಯಾರದು? ಭರಮಾ?” ಬೆಂಕಿಯ ಬದಿಯಿಂದ ಎದ್ದು ನಿಂತವನು ರಾಯಪ್ಪ.

ಅವನ ಪಕ್ಕದಲ್ಲಿ ಬಸಲಿಂಗಪ್ಪನಿದ್ದ, ಖಾನಾಪುರ ಠಾಣೆಯ ಹವಾಲ್ದಾರನೂ ಇದ್ದ.

“ನಿನಗ ಯಾರ ಹೇಳಿದ್ರೋ?” ರಾಯಪ್ಪ ಓಡಿಬಂದ. “ರಾತ್ರಿ ಹತ್ತೂಮುಂದ ಕಂಡ್ತು, ಯಾರೋ ಮ್ಯಾಲಿನ ಪಟ್ಟಿ ಕೊಯ್ದಾರ. ಹಿಡದಿದ್ನೆಂದ್ರ ಈ ಕಲ್ಲಿನ ಮ್ಯಾಲ ನನ್ನ ತಲಿ ಒಡೀತಿತ್ತು. ಹವಾಲ್ದಾರ್ರು ನಿನ್ನ ಹೆಸರ ಕೇಳಿದ್ರು. ಆಣಿ ಮಾಡಿ ಹೇಳೇನಿ, ನನ್ನ ತಮ್ಮ ಅಂಥಾವಲ್ರೀ ಅಂತ. ಒಮ್ಮಿ ನಿನ್ನ ಮ್ಯಾಲ ಸುಳ್ಳ ಸಾಕ್ಷಿ ಹೇಳಿ ಇಷ್ಟು ವರ್ಷ ನಿದ್ದಿ ಕಳಕೊಂಡೇನಿ. ಇನ್ನೊಮ್ಮಿ ಹೇಳಲ್ಲೋ.” ಅವನ ಕಣ್ಣು ಒದ್ದೆಯಾಗಿತ್ತು. ಹಾಗೆ ಹೇಳುತ್ತಲೇ, ರೂಢಿಯಂತೆ, ತಮ್ಮನ ಹೆಗಲಿನ ಚೀಲಕ್ಕೆ ಕೈ ಹಾಕಿದ.

“ಬ್ಯಾಡಣ್ಣಾ, ಇರ್ಲಿ...”

ಚೀಲ ಆಗಲೇ ಕೈ ದಾಟಿತ್ತು. ಒಳಗಿನಿಂದ ಪಾನಾ ಜಾರಿ ಬಿತ್ತು, ಅದರ ಹಿಂದೆಯೇ ಮುರಿದ ಪಟ್ಟಿಯ ಎರಡು ತುಂಡು. ಹವಾಲ್ದಾರ ಒಂದನ್ನು ಎತ್ತಿ ಬೋಲ್ಟಿನ ತೂತಿನೊಳಗೆ ಬೆರಳಿಟ್ಟ, ಮೇಲೆ ನೋಡಿದ. ರಾಯಪ್ಪನೂ ನೋಡಿದ. ಆಮೇಲೆ ತಮ್ಮನ ಮುಖ ನೋಡಿದ.

ಭರಮಪ್ಪನಿಗೆ ಆಗಲೂ ಬಗೆಹರಿಯದೆ ಉಳಿದದ್ದು ಒಂದೇ. ತನ್ನ ಬೆರಳಿಗೇ ಸಿಗದ ಸೀಳು ಇವರಿಗೆ ಹೇಗೆ ಕಂಡಿತು? ತಲೆಯೆತ್ತಿದ. ಮಂಜು ಹರಿದಿತ್ತು. ಕಂಬದ ಉದ್ದಕ್ಕೂ ಉಗುರಿನ ಹೊಸ ಗೀರು, ಐದೈದರ ಸಾಲು. ಅಡ್ಡಪಟ್ಟಿಯ ಸೀಳಿನಲ್ಲಿ ಚೂರೂ ಮೇಣವಿಲ್ಲದೆ, ನೆಕ್ಕಿ ತೊಳೆದಂತೆ, ಬಿಳಿಯ ಗರಗಸದ ಬಾಯಿ ತೆರೆದಿತ್ತು. ಆನೆಗೂ ಅಲುಗದ ಅವನ ಅಟ್ಟಣಿಗೆ ಸೋಮವಾರ ರಾತ್ರಿ ಕರಡಿಯ ಭಾರವನ್ನು ಚೆನ್ನಾಗಿಯೇ ತಾಳಿಕೊಂಡಿತ್ತು. ಜೇನು ಬಿಡಿಸಿ ಬಂದ ದಿನ ಸಾತವ್ವ ಇಬ್ಬರು ಹುಡುಗರನ್ನೂ ಬಚ್ಚಲಿಗೆ ಎಳೆದೊಯ್ದು ಬೂದಿ ಹಚ್ಚಿ ಕೈ ತಿಕ್ಕುತ್ತಿದ್ದಳು: “ಮೇಣದ ಕೈಲೆ ಮಲಗಬ್ಯಾಡ್ರೋ, ವಾಸನಿ ಹಿಡದು ಕರಡಿ ಮನೀಗೆ ಬರತೈತಿ.”